ಗಿರಿಜತ್ತೆಯ ಹೆಸರುಹಿಟ್ಟು

ಶಿವಮೊಗ್ಗದ ರವೀಂದ್ರನಗರದಲ್ಲಿ ನಮ್ಮ ಮನೆಯ ಹಿಂದಿನ ರಸ್ತೆಯಲ್ಲಿ ಒಂದು ಹಿಟ್ಟಿನ ಗಿರಣಿ ಇದೆ. ದಿನವೂ ಅಲ್ಲಿ ಬೀಸುವುದು ರಾಗಿ, ಗೋಧಿ, ಅಕ್ಕಿ. ವಾರಕ್ಕೊಮ್ಮೆ ಮಾತ್ರ, ಹಿಟ್ಟಿನ ಕೆಲಸವೆಲ್ಲ ಮುಗಿದ ಮೇಲೆ, ಮೂಲೆಯ ಸಣ್ಣ ಮಿಷನ್ನಿನಲ್ಲಿ ಸೀಗೆಕಾಯಿ ಬೀಸುತ್ತಾರೆ. ಅವತ್ತು ಬೀದಿಗೆ ಬೀದಿಯೇ ಸೀನುತ್ತದೆ. ಬಟ್ಟೆ ಒಣಹಾಕುತ್ತಿದ್ದವರು, ತರಕಾರಿ ಗಾಡಿಯವನು, ಸ್ಕೂಟರ್ ನಿಲ್ಲಿಸಿಕೊಂಡು ಫೋನಿನಲ್ಲಿ ಮಾತಾಡುತ್ತಿದ್ದವರು, ಎಲ್ಲರೂ ಮೂಗು ಹಿಡಿದುಕೊಂಡು ಗಿರಣಿಯವನಿಗೆ ಶಾಪ ಹಾಕುತ್ತಾರೆ. ನಾನು ಮಾತ್ರ ಕಿಟಕಿ ಮುಚ್ಚುವುದಿಲ್ಲ. ಆ ಘಾಟು ಮೂಗಿಗೇರಿ, ಕಣ್ಣಲ್ಲಿ ನೀರು ತುಂಬಿ, ಸೀನು ಬಂದು ಹೋದ ಮೇಲೆ ಗಂಟಲಲ್ಲಿ ಒಂದು ಹುಳಿಹುಳಿ ತಂಪು ಉಳಿಯುತ್ತದಲ್ಲ, ಅದು ನಿಮಗೂ ಗೊತ್ತಿರಬಹುದು. ಆ ಹೊತ್ತಿಗೆ ಯಾರೋ ಹಿಂದಿನಿಂದ ಬಂದು ನನ್ನ ಜಡೆ ಬಿಚ್ಚಿದ ಹಾಗಾಗುತ್ತದೆ.

ಮೊನ್ನೆ ಹೆಸರುಕಾಳು ಬೀಸಿಸಲು ಹೋಗಿ ಅಲ್ಲಿ ಕಾಯುತ್ತ ನಿಂತಿದ್ದೆ. ಮುಂದೆ ನಿಂತಿದ್ದ ಹುಡುಗಿ, ಬ್ಯಾಂಕಿನ ಕೆಲಸದವಳಂತೆ, ನನ್ನ ಡಬ್ಬಿಯನ್ನು ನೋಡಿ ಖುಷಿಯಿಂದ ಮಾತಿಗಿಳಿದಳು. "ಆಂಟಿ, ನೀವೂ ಸೋಪು ಬಿಟ್ಟಿದ್ದೀರಾ? ನಾನೂ ಎಲ್ಲ ಬಿಟ್ಟೆ. ಶಾಂಪೂ, ಫೇಸ್‌ವಾಶ್, ನೆಲ ಒರೆಸೋ ಲಿಕ್ವಿಡ್ಡು, ಎಲ್ಲ ಕೆಮಿಕಲ್ಲು. ಈಗ ಪೂರ್ತಿ ನ್ಯಾಚುರಲ್ಲು." ಮಗುವಿಗೆ ಮೈತುಂಬ ಕೆಂಪು ಗಂಧೆಯಾಗಿ ಹೆದರಿಬಿಟ್ಟಿದ್ದಳಂತೆ. "ನೀವು ಯಾವಾಗ ಬಿಟ್ಟಿರಿ?" ಎಂದು ಕೇಳಿದಳು. ಚಿಕ್ಕಂದಿನಲ್ಲೇ ಎಂದೆ. ಯಾಕೆ ಎಂದು ಅವಳು ಕೇಳಲಿಲ್ಲ. ಕೇಳಿದ್ದರೂ ಗಿರಣಿಯ ಸದ್ದಿನಲ್ಲಿ ನಿಂತು ಗಿರಿಜತ್ತೆಯ ವಿಷಯ ಹೇಳುವುದು ನನ್ನಿಂದ ಆಗುತ್ತಿರಲಿಲ್ಲ. ಇಲ್ಲಿ, ನಿಮ್ಮ ಹತ್ತಿರ ಹೇಳಬಹುದೇನೋ.

ಗಿರಿಜತ್ತೆ ನನ್ನ ಅಪ್ಪನ ಅಕ್ಕ. ನಾವಾಗ ಭದ್ರಾವತಿಯಲ್ಲಿದ್ದೆವು. ಓಲ್ಡ್ ಟೌನಿನಿಂದ ಹೊಳೆಯ ಸೇತುವೆ ದಾಟಿ ಮುಂದೆ ಹೋದರೆ ಕಾರ್ಖಾನೆಯವರ ಕ್ವಾರ್ಟರ್ಸ್. ಒಂದೇ ಥರದ ಮನೆಗಳ ಸಾಲು, ಪ್ರತಿ ಮನೆಯ ಹಿಂದೆ ಒಂದು ಬಚ್ಚಲು, ಬಚ್ಚಲ ಒಲೆಯ ಹೊಗೆಗೆ ಕಪ್ಪಾದ ಒಂದು ಗೋಡೆ. ಅಪ್ಪ ಕಾರ್ಖಾನೆಯ ರಿಪೇರಿ ವಿಭಾಗದಲ್ಲಿ ಫಿಟ್ಟರ್. ಮನೆಯಲ್ಲಿ ಅಜ್ಜಿ, ಅಪ್ಪ, ಅಮ್ಮ, ಇನ್ನೂ ಮದುವೆಯಾಗದ ರಮೇಶ ಚಿಕ್ಕಪ್ಪ, ನಾನು, ಮತ್ತೆ ಗಿರಿಜತ್ತೆ. ಅವಳಿಗೆಂದು ಇದ್ದದ್ದು ಅಡುಗೆಮನೆಯ ಪಕ್ಕದ ಉಗ್ರಾಣದಂಥ ಒಂದು ಕೋಣೆ. ಅಲ್ಲಿ ಅವಳ ಚಾಪೆ, ಅವಳ ತಟ್ಟೆ, ಅವಳ ಲೋಟ. ತಟ್ಟೆ ಲೋಟ ಬೇರೆ ಯಾಕಿದೆ ಎಂದು ಕೇಳುವ ವಯಸ್ಸು ನನ್ನದಲ್ಲ. ಹುಟ್ಟಿದಾಗಿನಿಂದ ನೋಡಿದ್ದೇ ಹಾಗೆ. ಸೂರ್ಯ ಮೂಡುವ ದಿಕ್ಕು ಯಾಕೆ ಅದೇ ಎಂದು ಯಾರಾದರೂ ಕೇಳುತ್ತಾರೆಯೇ?

ಅವಳಿಗೆ ತೊನ್ನಿತ್ತು. ಕಡೂರು ಕಡೆಯ ಒಂದು ಮನೆಗೆ ಅವಳನ್ನು ಕೊಟ್ಟಿದ್ದರು. ಮದುವೆಯಾಗಿ ಕೆಲವು ವರ್ಷಗಳ ಮೇಲೆ, ಅಪ್ಪನ ಮದುವೆಯೂ ಮುಗಿದ ನಂತರ, ಅವಳ ಮಣಿಕಟ್ಟಿನಲ್ಲಿ ಬಳೆಯ ಕೆಳಗೆ ಬೇಳೆಕಾಳಿನಷ್ಟು ಬಿಳುಪು ಕಾಣಿಸಿಕೊಂಡಿತು. ಬಳೆಯನ್ನು ಅದರ ಮೇಲೆ ಸರಿಸಿಕೊಂಡು ಅವಳು ಒಂದಷ್ಟು ಕಾಲ ಮುಚ್ಚಿಟ್ಟಳು. ಆಮೇಲೆ ಅದು ಬಳೆಯ ಮಾತು ಕೇಳಲಿಲ್ಲ. ಗಂಡನ ಮನೆಯವರು ಬಸ್ ಸ್ಟ್ಯಾಂಡಿನಲ್ಲಿ ಮಾರುವವನೊಬ್ಬನಿಂದ ಏನೋ ಒಂದು ಲೋಷನ್ ತಂದುಕೊಟ್ಟರು. ಹಚ್ಚಿದ ಜಾಗದಲ್ಲೆಲ್ಲ ಚರ್ಮ ಸುಟ್ಟು, ಬೊಬ್ಬೆ ಎದ್ದು, ಹುಣ್ಣಾಗಿ, ಬಿಳುಪು ಇನ್ನಷ್ಟು ಅಗಲವಾಯಿತು. ಸ್ವಲ್ಪ ದಿನ ತವರಿನಲ್ಲಿರಲಿ ಎಂದು ಅವಳನ್ನು ಭದ್ರಾವತಿಗೆ ತಂದು ಬಿಟ್ಟು ಹೋದರು. ಆ ಸ್ವಲ್ಪ ದಿನ ಮುಗಿಯಲೇ ಇಲ್ಲ. ಕರೆದುಕೊಂಡು ಹೋಗಲು ಯಾರೂ ಬರಲಿಲ್ಲ. ನನಗೆ ಬುದ್ಧಿ ತಿಳಿಯುವ ಹೊತ್ತಿಗೆ ಅವಳ ಕಣ್ಣಿನ ಸುತ್ತ, ತುಟಿಯ ಅಂಚಿನಲ್ಲಿ, ಕತ್ತಿನಲ್ಲಿ, ಬೆರಳುಗಳ ಮೇಲೆ ಹಾಲು ಚೆಲ್ಲಿದಂತೆ ಬಿಳುಪಿತ್ತು. ಎಂಥ ಸೆಕೆಯಲ್ಲೂ ಉದ್ದ ತೋಳಿನ ರವಿಕೆ. ಮನೆಗೆ ಯಾರಾದರೂ ಬಂದರೆ ಚಪ್ಪಲಿಯ ಸದ್ದಿಗೇ ಅವಳು ಎದ್ದು ಒಳಗೆ ಹೋಗಿರುತ್ತಿದ್ದಳು.

ಆದರೆ ಅವಳ ಕೋಣೆಯ ವಾಸನೆ! ಈಗಲೂ ಕಣ್ಣು ಮುಚ್ಚಿದರೆ ಆ ಬಾಗಿಲಲ್ಲಿ ನಿಂತಿರುತ್ತೇನೆ. ಒಂದು ಮೂಲೆಯಲ್ಲಿ ಸೀಗೆಕಾಯಿಯ ಚೀಲ, ಇನ್ನೊಂದು ಮೂಲೆಯಲ್ಲಿ ಬಟ್ಟೆ ತೊಳೆಯಲು ನೆನೆಹಾಕುವ ಅಂಟುವಾಳದ ಕಾಯಿ, ಹಗ್ಗದ ಮೇಲೆ ಒಣಗುವ ಬೇವಿನ ಸೊಪ್ಪು, ಡಬ್ಬಿಗಳಲ್ಲಿ ಮೆಂತ್ಯ, ಕಚೋರ, ಒಣಗಿದ ಕಿತ್ತಳೆ ಸಿಪ್ಪೆ. ಲೋಷನ್ನು ಸುಟ್ಟ ಮೇಲೆ ಅವಳ ಚರ್ಮ ಸೋಪು ತಾಳುತ್ತಿರಲಿಲ್ಲ. ಹಾಗಾಗಿ ತನಗೆಂದು ಏನೇನೋ ಕುಟ್ಟಿ, ಜರಡಿ ಹಿಡಿದು, ಅಪ್ಪನ ಹಳೆಯ ಪಂಚೆಯಲ್ಲಿ ಸೋಸಿ ಇಟ್ಟುಕೊಳ್ಳುತ್ತಿದ್ದಳು. ಆ ವಾಸನೆಯಲ್ಲಿ ಕುಳಿತು ನಾನು ಮಗ್ಗಿ ಕಲಿತೆ. ಅವಳೇ ಹೇಳಿಕೊಟ್ಟಳು, ದೂರದಿಂದ. ನಾನು ಅವಳ ಮಡಿಲಿಗೆ ಹೋಗಬಾರದು ಎಂದು ಅಜ್ಜಿಯ ಕಟ್ಟಪ್ಪಣೆಯಿತ್ತು. ಹೋಗಲು ನೋಡಿದರೆ ಅತ್ತೆಯೇ ಕಾಲು ಮಡಚಿಕೊಂಡು, "ಅಲ್ಲೇ ಕೂತ್ಕೊ ಮಾರಾಯ್ತಿ, ಅಲ್ಲಿಂದಲೇ ಕೇಳುತ್ತೆ" ಎನ್ನುತ್ತಿದ್ದಳು.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ತಂಗಿ ಸುಮಾ ಹುಟ್ಟಿದಳು. ಬಾಣಂತನದ ಮನೆಯ ಸಂಭ್ರಮ ಹೆಚ್ಚು ದಿನ ಉಳಿಯಲಿಲ್ಲ. ಮಗುವಿನ ಕೆನ್ನೆ ಮೊದಲು ಕೆಂಪಾಯಿತು, ಆಮೇಲೆ ಬಿರಿಯಿತು. ಮೊಣಕೈ ಮಡಿಕೆ, ಮಂಡಿಯ ಹಿಂಭಾಗ, ಕಿವಿಯ ಬುಡ, ಎಲ್ಲ ಕಡೆ ಚರ್ಮ ಒಡೆದು ನೀರು ಸೋರತೊಡಗಿತು. ಅಜ್ಜಿ ದಿನವೂ ಕಾಲ ಮೇಲೆ ಮಲಗಿಸಿಕೊಂಡು, ಕೊಳೆ ಹೋದರೆ ವಾಸಿಯಾಗುತ್ತದೆಂದು ಸೋಪು ಹಚ್ಚಿ ತಿಕ್ಕಿ ನೀರು ಹಾಕುತ್ತಿದ್ದಳು. ಬಚ್ಚಲಿನಿಂದ ಬರುತ್ತಿದ್ದ ಆ ಕೂಗು ಅಳುವಲ್ಲ, ಬೇರೆ ಏನೋ. ಅಮ್ಮ ಅಡುಗೆಮನೆಯಲ್ಲಿ ಕಿವಿ ಮುಚ್ಚಿಕೊಂಡು ನಿಲ್ಲುತ್ತಿದ್ದಳು. ಒಂದು ದಿನ ಅಜ್ಜಿ ನಡುಮನೆಯಲ್ಲಿ ನಿಂತು ಎಲ್ಲರಿಗೂ ಕೇಳಿಸುವಂತೆ ಹೇಳಿಬಿಟ್ಟಳು: "ಮನೇಲಿ ಒಂದು ಇಟ್ಕೊಂಡಿದ್ದೀವಲ್ಲ, ಅದರ ಗಾಳಿ ಸೋಕಿದೆ. ಮಗೂಗೂ ಹತ್ತಿಸಿಬಿಟ್ಲು." ಒಳಗೆ ಕುಟ್ಟಾಣಿಯ ಸದ್ದು ನಿಂತಿತು.  ಅಜ್ಜಿಯನ್ನು ಕೆಟ್ಟವಳೆಂದು ತಿಳಿಯಬೇಡಿ. ಮಗಳಿಗೆ ಬಂದದ್ದಕ್ಕೆ ಅವಳು ಮಾಡದ ಹರಕೆಯಿರಲಿಲ್ಲ. ದೇವರು ಒಂದಕ್ಕೂ ಕಿವಿಗೊಡದೆ ಹೋದಾಗ ಆ ಸಿಟ್ಟನ್ನು ಮಗಳ ಮೇಲೆ ಹಾಕಿ ಬದುಕುತ್ತಿದ್ದಳು ಅಷ್ಟೆ.

ಅಪ್ಪ ರಜೆ ಹಾಕಿ ಮಗುವನ್ನು ಶಿವಮೊಗ್ಗದ ಡಾಕ್ಟರ ಹತ್ತಿರ ಕರೆದೊಯ್ದರು. ಅಜ್ಜಿ, ಅಮ್ಮ, ನಾನೂ ಹೋಗಿದ್ದೆವು. ಡಾಕ್ಟರು ಹೆಂಗಸು, ಮಗುವನ್ನು ತಿರುಗಿಸಿ ಮುರುಗಿಸಿ ನೋಡಿ ಒಂದು ಮುಲಾಮು ಬರೆದುಕೊಟ್ಟರು. "ಇದರ ಚರ್ಮ ಹುಟ್ಟಿನಿಂದಲೇ ಸೂಕ್ಷ್ಮ. ಸೋಪು ಮುಟ್ಟಿಸಲೇಬೇಡಿ. ಬಟ್ಟೆ ಒಗೆಯೋ ಪುಡಿ, ಫಿನಾಯಿಲು, ಯಾವುದೂ ಹತ್ರ ಬರಬಾರದು. ಮೆತ್ತಗಿರೋದು ಏನಾದ್ರೂ ಹಚ್ಚಿ ನೀರು ಹಾಕಿ" ಎಂದರು. ಎದ್ದು ನಿಂತ ಅಪ್ಪ ಮತ್ತೆ ಕುಳಿತರು. ಅಜ್ಜಿಯ ಮುಖವನ್ನೊಮ್ಮೆ ನೋಡಿ ಕೇಳಿದರು: "ಡಾಕ್ಟ್ರೇ, ಮನೇಲಿ ನಮ್ಮಕ್ಕ ಇದ್ದಾಳೆ. ಅವಳಿಗೆ ತೊನ್ನು. ಅದೇನಾದ್ರೂ ಮಗೂಗೆ..." ಡಾಕ್ಟರು ಪೆನ್ನು ಕೆಳಗಿಟ್ಟರು. "ತೊನ್ನು ಅಂಟೋದಲ್ಲ ರೀ. ಮುಟ್ಟಿದ್ರೂ ಅಂಟಲ್ಲ, ಒಂದೇ ತಟ್ಟೇಲಿ ಉಂಡ್ರೂ ಅಂಟಲ್ಲ. ಪಾಪ, ಆಕೇನ ದೂರ ಇಟ್ಟಿದ್ದೀರೇನು?" ಅಪ್ಪ ಚೀಟಿಯನ್ನು ಮಡಚಿ ಜೇಬಿಗಿಟ್ಟುಕೊಂಡರು. ವಾಪಸು ಬರುವಾಗ ಬಸ್ಸಿನಲ್ಲಿ ಅಜ್ಜಿ ಕಿಟಕಿಯ ಕಡೆ ತಿರುಗಿ ಕುಳಿತವಳು ಭದ್ರಾವತಿ ಬರುವವರೆಗೆ ಈ ಕಡೆ ನೋಡಲಿಲ್ಲ.

ಮನೆಗೆ ಬಂದ ಮೇಲೆ ಅಮ್ಮ ಯಾರಿಗೂ ಅಲ್ಲದಂತೆ ಕೇಳಿದಳು, ಸೋಪಿಲ್ಲದೆ ಮಗುವಿಗೆ ಇನ್ನು ಏನು ಹಚ್ಚುವುದು? ಅಡುಗೆಮನೆಯ ಬಾಗಿಲ ಹಿಂದಿನಿಂದ ಅತ್ತೆಯ ದನಿ ಬಂತು. "ಹೆಸರುಹಿಟ್ಟು ಹಚ್ಚಿ ನೋಡಬಹುದು." "ನಿನ್ನನ್ನ ಕೇಳ್ದೋರು ಯಾರೇ?" ಎಂದಳು ಅಜ್ಜಿ, ಆದರೆ ಆ ದನಿಯಲ್ಲಿ ಹಿಂದಿನ ಖಾರವಿರಲಿಲ್ಲ. ಅಪ್ಪ ಬಾಗಿಲ ತನಕ ಹೋಗಿ, "ಹೇಳಕ್ಕ" ಎಂದರು. "ನನ್ನ ಕೈ ಸುಟ್ಟಿತ್ತಲ್ಲೋ, ಆಗ ಸೋಪು ತಾಗಿದ್ರೆ ಜೀವ ಹೋದಂಗಾಗೋದು. ಹೆಸರುಹಿಟ್ಟೊಂದೇ ಉರೀತಿರಲಿಲ್ಲ. ಅರಿಶಿನ ಗಿರಿಶಿನ ಏನೂ ಬೇಡ, ಬರೀ ಹೆಸರುಹಿಟ್ಟು, ಹಾಲಲ್ಲಿ ಕಲಸಿ. ಡಾಕ್ಟ್ರು ಕೊಟ್ಟ ಮುಲಾಮೂ ಹಚ್ಚಿ."

ಅವಳು ಆ ಹಿಟ್ಟು ಮಾಡಿದ್ದನ್ನು ನಾನು ಬಾಗಿಲಲ್ಲಿ ಕುಳಿತು ನೋಡಿದೆ. ಹೆಸರುಕಾಳನ್ನು ತೊಳೆದು, ನೆರಳಲ್ಲೇ ಒಣಗಿಸಿ, ಬೀಸುಕಲ್ಲಿನಲ್ಲಿ ಬೀಸಿ, ಜರಡಿ ಹಿಡಿದು, ಮತ್ತೆ ಬಟ್ಟೆಯಲ್ಲಿ ಸೋಸಿದಳು. ಬೆರಳಿಗೆ ತಾಗಿದರೂ ತಾಗಿದಂತೆ ಅನ್ನಿಸದಷ್ಟು ನುಣುಪು. ಆಮೇಲೆ ರವಿಕೆಯ ತೋಳು ಮೇಲೆತ್ತಿ, ಲೋಷನ್ನು ಸುಟ್ಟಿದ್ದ ಜಾಗಕ್ಕೇ, ಇನ್ನೂ ತೆಳ್ಳಗೆ ಗುಲಾಬಿಯಾಗಿದ್ದ ಆ ಚರ್ಮಕ್ಕೇ ಅದನ್ನು ಹಚ್ಚಿಕೊಂಡು ಸಂಜೆಯ ತನಕ ಸುಮ್ಮನೆ ಕುಳಿತಿದ್ದಳು. ಸಂಜೆ ತೊಳೆದು ನೋಡಿ, "ಕೊಡು ನಿಮ್ಮಮ್ಮಂಗೆ" ಎಂದು ಬಟ್ಟಲನ್ನು ನನ್ನ ಕಡೆ ಸರಿಸಿದಳು.

ಮರುದಿನದಿಂದ ಅಮ್ಮನೇ ನೀರು ಹಾಕತೊಡಗಿದಳು. ಅತ್ತೆ ಬಚ್ಚಲ ಹೊರಗೆ, ಗೋಡೆಯ ಆಚೆ ನಿಂತು ಹೇಳುತ್ತಿದ್ದಳು. "ತಿಕ್ಕಬೇಡ ಮಾರಾಯ್ತಿ, ಸವರು. ಹಾಲಿನ ಕೆನೆ ತೆಗೀತೀಯಲ್ಲ, ಹಾಗೆ. ಮಡಿಕೇಲಿ ನೀರು ನಿಲ್ಲಬಾರದು. ಟವಲಲ್ಲಿ ಒರೆಸಬೇಡ, ಒತ್ತು." ಮಗುವಿನ ಅಳು ದಿನದಿಂದ ದಿನಕ್ಕೆ ಸಣ್ಣದಾಯಿತು. ಒಂದು ಬೆಳಿಗ್ಗೆ ಅದು ಅಳಲೇ ಇಲ್ಲ. ಬೆಚ್ಚಗಿನ ನೀರು ಬಿದ್ದಾಗ 'ಹೂಂ' ಎಂದು ಒಂದು ಸದ್ದು ಮಾಡಿತು. ಅಮ್ಮ ತಂಬಿಗೆ ಕೆಳಗಿಟ್ಟಳು. ಒದ್ದೆ ಮಗುವನ್ನು ಎತ್ತಿಕೊಂಡು ಹೊರಗೆ ಬಂದು ಅತ್ತೆಯ ಎದುರು ನಿಂತಳು.

"ಗಿರಿಜಕ್ಕ, ಒಳಗೆ ಬಂದು ಕಾಲು ಚಾಚ್ಕೊಂಡು ಕೂತ್ಕೊಳ್ಳಿ. ನೀವೇ ನೀರು ಹಾಕಿ."

ಹಿತ್ತಲಿನಲ್ಲಿ ಬಟ್ಟೆ ಹಿಂಡುತ್ತಿದ್ದ ಅಜ್ಜಿ ತಿರುಗಿದಳು. "ಏನ್ ಮಾಡ್ತಿದ್ದೀಯೇ?" ಅಲ್ಲಿಯವರೆಗೆ ಅಜ್ಜಿಯೆದುರು ಒಂದು ಮಾತು ಎತ್ತಿ ಆಡದ ನನ್ನಮ್ಮ ಮೆಲ್ಲಗೆ, ಆದರೆ ತಡವರಿಸದೆ ಹೇಳಿದಳು: "ಡಾಕ್ಟ್ರು ಹೇಳಿದ್ದು ನಿಮಗೂ ಕೇಳಿಸ್ತಲ್ಲ ಅತ್ತೆ." ಅಜ್ಜಿ ಹಿಂಡಿದ ಬಟ್ಟೆಯನ್ನು ಹಿಡಿದುಕೊಂಡು ಹಾಗೇ ನಿಂತಳು. ಗಿರಿಜತ್ತೆ ಬಚ್ಚಲಿಗೆ ಹೋಗಿ ಕುಳಿತು ಕಾಲು ಚಾಚಿದಳು. ಅಮ್ಮ ಮಗುವನ್ನು ಆ ಕಾಲುಗಳ ಮೇಲೆ ಮಲಗಿಸಿದಳು. ಆ ಮನೆಗೆ ವಾಪಸು ಬಂದಂದಿನಿಂದ ಅತ್ತೆಯ ಮೈಯನ್ನು ಯಾರೂ ಮುಟ್ಟಿರಲಿಲ್ಲ ಎನ್ನುವುದು ನನಗೆ ಎಷ್ಟೋ ವರ್ಷಗಳ ಮೇಲೆ ಹೊಳೆಯಿತು.  ಮಗು ಅವಳ ಹೆಬ್ಬೆರಳನ್ನು, ಅರ್ಧ ಬಿಳಿ ಅರ್ಧ ಕಪ್ಪು ಹೆಬ್ಬೆರಳನ್ನು, ಗಟ್ಟಿಯಾಗಿ ಹಿಡಿದುಕೊಂಡಿತು. ಅತ್ತೆ ತಲೆ ಎತ್ತದೆ ಬೇರೆಯೇ ದನಿಯಲ್ಲಿ ನನ್ನನ್ನು ಕೇಳಿದಳು, "ಲತಾ, ನೀರು ಬಿಸಿ ಇದ್ಯಾ ನೋಡೇ." ಅವಳ ಇನ್ನೊಂದು ಕೈ ನೀರಿನೊಳಗೇ ಇತ್ತು.

ಆಮೇಲೆ ಮನೆಯ ಸಂಸಾರವೇ ಅತ್ತೆಯ ಕೈಗೆ ಬಂತು. ಮಗುವಿನ ಬಟ್ಟೆಗೆ ಅಂಟುವಾಳದ ನೊರೆ. ಮಗು ಅಂಬೆಗಾಲಿಡುವ ನೆಲಕ್ಕೆ ಬೇವಿನ ಸೊಪ್ಪು ಕುದಿಸಿದ ನೀರು. ನನ್ನ ತಲೆಗೆ ದಾಸವಾಳದ ಸೊಪ್ಪಿನ ಲೋಳೆ, ಮೇಲೆ ಸೀಗೆಪುಡಿ. ಎಲ್ಲಕ್ಕಿಂತ ಕಷ್ಟವಾದದ್ದು ಅಪ್ಪನ ಕೈ. ಕಾರ್ಖಾನೆಯ ಗ್ರೀಸು ಉಗುರಿನ ಸಂದಿನಲ್ಲೆಲ್ಲ ಸೇರಿಕೊಂಡಿರುತ್ತಿತ್ತು; ಅದನ್ನು ಸೀಮೆಎಣ್ಣೆಯಲ್ಲಿ ಉಜ್ಜಿ, ಮೇಲೆ ಬಟ್ಟೆ ಒಗೆಯುವ ಪುಡಿ ಹಾಕಿ ತೊಳೆಯುತ್ತಿದ್ದರು. ಆ ಕೈಯಲ್ಲಿ ಎತ್ತಿಕೊಂಡರೆ ಮಗುವಿನ ಮೈ ಅರ್ಧ ಗಂಟೆಯಲ್ಲಿ ಕೆಂಪಾಗುತ್ತಿತ್ತು. ಹಾಗಾಗಿ ಅಪ್ಪ ಸೈಕಲ್ ನಿಲ್ಲಿಸಿ ಬಂದವರು ತೊಟ್ಟಿಲ ಪಕ್ಕ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತು ಮಗುವಿನೊಡನೆ ಮಾತಾಡುತ್ತಿದ್ದರು. ಅತ್ತೆ ಮರದ ಮಿಲ್ಲಿನಿಂದ ಗರಗಸದ ಪುಡಿ ತರಿಸಿ ಕೊಬ್ಬರಿ ಎಣ್ಣೆಯಲ್ಲಿ ಕಲಸಿ ಕೊಟ್ಟಳು. "ಇದರಲ್ಲಿ ಉಜ್ಜು, ಗ್ರೀಸು ಬಿಡುತ್ತೆ. ಆಮೇಲೆ ಕಡಲೆಹಿಟ್ಟು." ಗ್ರೀಸು ಬಿಟ್ಟಿತು. ಮಗುವನ್ನು ಹೆಗಲಿಗೆ ಹಾಕಿಕೊಂಡು ಅಪ್ಪ ಸಂಜೆಬಿಸಿಲಲ್ಲಿ ಕ್ವಾರ್ಟರ್ಸಿನ ಬೀದಿಯುದ್ದಕ್ಕೂ ನಡೆದು ಹೋದದ್ದು, ಅವರಿಂದ ಮರದ ಪುಡಿಯ, ಎಣ್ಣೆಯ ವಾಸನೆ ಬರುತ್ತಿದ್ದದ್ದು, ಇವೆಲ್ಲ ನನ್ನ ಬಾಲ್ಯದ ಒಳ್ಳೆಯ ಭಾಗ. ಅತ್ತೆಯ ಬೇರೆ ತಟ್ಟೆ ಯಾವತ್ತು ನಮ್ಮ ತಟ್ಟೆಗಳ ಜೊತೆ ಸೇರಿತೋ ಯಾರಿಗೂ ನೆನಪಿಲ್ಲ. ಸೇರಿಸಿಟ್ಟವಳು ಅಜ್ಜಿಯೇ ಎಂದು ಅಮ್ಮ ಹೇಳುತ್ತಿದ್ದಳು.

ಮಗುವಿನ ಮೈ ತಿಳಿಯಾದದ್ದು ಬೀದಿಗೆಲ್ಲ ಗೊತ್ತಾಯಿತು. ಎದುರು ಮನೆಯ ಹೆಂಗಸು, ಅವರ ಮೊಮ್ಮಗನಿಗೂ ಮೈಯೆಲ್ಲ ತುರಿ, ಹಿಟ್ಟು ಕೇಳಿಕೊಂಡು ಬಂದರು. ಅಮ್ಮ ಡಬ್ಬಿ ತುಂಬಿಸಿ ಕೊಟ್ಟು ಹೆಮ್ಮೆಯಿಂದ, "ನಮ್ಮ ಗಿರಿಜಕ್ಕ ಮಾಡಿದ್ದು" ಎಂದಳು. ಅವರ ಮುಖ ಸಣ್ಣಗಾಯಿತು. ಸಂಜೆ ನಲ್ಲಿಗೆ ನೀರಿಗೆ ಹೋದಾಗ ಮೋರಿಯ ಪಕ್ಕ ಹಸಿರುಹಸಿರಾಗಿ ಹಿಟ್ಟು ಚೆಲ್ಲಿದ್ದನ್ನು ನಾನು ಅಮ್ಮ ಇಬ್ಬರೂ ನೋಡಿದೆವು. ಅಮ್ಮ ಮನೆಯಲ್ಲಿ ಹೇಳಲಿಲ್ಲ, ಆದರೆ ಅತ್ತೆಗೆ ಹೇಗೋ ತಿಳಿಯಿತು. ಮುಂದಿನ ಸಲ ಇನ್ಯಾರೋ ಕೇಳಿದಾಗ ಅತ್ತೆ ಡಬ್ಬಿಯನ್ನು ಅಮ್ಮನ ಕೈಗಿಟ್ಟು ಹೇಳಿದಳು: "ನೀನು ಮಾಡಿದ್ದು ಅಂತಲೇ ಹೇಳು ಮಾರಾಯ್ತಿ. ಹೆಸರುಹಿಟ್ಟಿಗೆ ಇನ್ಯಾರ ಹೆಸರು ಬೇಕು?" ಹೇಳಿ ತಾನೇ ನಕ್ಕಳು. ಅಮ್ಮನಿಗೆ ನಗು ಬರಲಿಲ್ಲ. ಆದರೆ ಹಾಗೆಯೇ ಹೇಳಿದಳು. ಆ ಬೀದಿಯ ಎಷ್ಟೋ ಮಕ್ಕಳು ಅತ್ತೆಯ ಹಿಟ್ಟಿನಲ್ಲಿ ಮಿಂದು ಬೆಳೆದವು, ಅಮ್ಮನ ಹೆಸರಿನಲ್ಲಿ.

ಸುಮಾ ಶಾಲೆಗೆ ಸೇರಿದ ವರ್ಷ ರಮೇಶ ಚಿಕ್ಕಪ್ಪನಿಗೆ ಹೆಣ್ಣು ನೋಡಿದರು. ಹೆಣ್ಣಿನ ಕಡೆಯವರಿಗೂ ಒಪ್ಪಿಗೆಯಾಗಿ, ಮನೆ ನೋಡಲು ಭಾನುವಾರ ಬರುತ್ತೇವೆಂದು ಹೇಳಿ ಕಳಿಸಿದರು. ಆ ವಾರ ಮನೆಗೆ ಸುಣ್ಣ ಬಳಿದದ್ದಾಯಿತು, ಕುರ್ಚಿ ಎರವಲು ತಂದದ್ದಾಯಿತು. ಎಲ್ಲರ ಮನಸ್ಸಿನಲ್ಲೂ ಒಂದೇ ಮಾತು ಓಡಾಡುತ್ತಿತ್ತು. ಯಾರ ಬಾಯಿಂದಲೂ ಹೊರಬೀಳಲಿಲ್ಲ. ಅಜ್ಜಿ ಅಕ್ಕಿ ಆರಿಸುತ್ತ ಆರಿಸುತ್ತ ಸುಮ್ಮನೆ ಕಣ್ಣೊರೆಸಿಕೊಳ್ಳುತ್ತಿದ್ದಳು. ಕೊನೆಗೆ ಶುಕ್ರವಾರ ಅತ್ತೆಯೇ ಊಟದ ಹೊತ್ತಿನಲ್ಲಿ ಹೇಳಿದಳು. "ಗಾಜನೂರಿಂದ ಸೀತಕ್ಕ ಕರೀತಾನೇ ಇದ್ದಾಳೆ. ನಾಲ್ಕು ದಿನ ಇದ್ದು ಬರ್ತೀನಿ." ಸೀತಕ್ಕ ಎಂದರೆ ಅತ್ತೆಯ ದೊಡ್ಡಮ್ಮನ ಮಗಳು, ಗಾಜನೂರಿನಲ್ಲಿ ಡ್ಯಾಮಿನ ಹತ್ತಿರ ಮನೆ. "ಈಗಲೇ ಯಾಕಕ್ಕ?" ಎಂದು ಚಿಕ್ಕಪ್ಪ ಕೇಳಿದ. ಎರಡನೇ ಸಲ ಕೇಳಲಿಲ್ಲ. ಅಮ್ಮ ಮಾತ್ರ ಕೋಣೆಗೆ ಹೋಗಿ, ಅತ್ತೆ ಮಡಚಿಟ್ಟಿದ್ದ ಸೀರೆಗಳನ್ನು ಚೀಲದಿಂದ ತೆಗೆದು ಮತ್ತೆ ಗೂಡಿನಲ್ಲಿಟ್ಟಳು. "ಹೋಗಬೇಡಿ ಗಿರಿಜಕ್ಕ. ನೋಡಿದ್ರೆ ನೋಡ್ಲಿ. ಒಪ್ಪದಿದ್ರೆ ಬಿಡ್ಲಿ." ಅತ್ತೆ ಆ ಸೀರೆಗಳನ್ನು ಒಂದೊಂದಾಗಿ ಮತ್ತೆ ಚೀಲಕ್ಕೆ ತುಂಬುತ್ತ ಹೇಳಿದಳು, "ಅಂಟಲ್ಲ ಅಂತ ಡಾಕ್ಟ್ರು ಹೇಳಿದ್ದು ನಿಮಗೆ. ಬರೋರಿಗೆ ಯಾರು ಹೇಳಿದ್ದಾರೆ?" ಶನಿವಾರ ಬೆಳಿಗ್ಗೆ ಅಪ್ಪ ಅವಳನ್ನು ಬಸ್ಸು ಹತ್ತಿಸಿ ಬಂದರು. ಸುಮಾ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು, ಬಿಡಿಸಲು ಹೋದವರನ್ನೆಲ್ಲ ಕಚ್ಚಿ, ಮಧ್ಯಾಹ್ನದ ತನಕ ಅತ್ತಳು.

ಮದುವೆ ನಡೆಯಿತು. ಚಿಕ್ಕಮ್ಮ ಮನೆಗೆ ಬಂದಳು. ಒಳ್ಳೆಯ ಹುಡುಗಿ, ಬಾಯ್ತುಂಬ ಮಾತು. ಒಂದು ದಿನ ಸುಮಾ ಎಲ್ಲವನ್ನೂ ಅವಳಿಗೆ ಹೇಳಿಬಿಟ್ಟಳು. ಚಿಕ್ಕಮ್ಮ ಕೈಲಿದ್ದ ಕೆಲಸ ಬಿಟ್ಟು ಅಲ್ಲೇ ಕುಸಿದು ಕುಳಿತಳು. "ಹೇಳಿದ್ದಿದ್ರೆ ನಾನೇನು ಬೇಡ ಅಂತಿದ್ನಾ? ನಮ್ಮ ಸೋದರಮಾವಂಗೂ ಇದೆಯಲ್ಲ" ಎಂದಳು. ಅಜ್ಜಿ ಗೋಡೆ ಕಡೆ ತಿರುಗಿ ಮಲಗಿದಳು. ಚಿಕ್ಕಮ್ಮ ಮುಂದಿನ ಭಾನುವಾರವೇ ಚಿಕ್ಕಪ್ಪನನ್ನು ಎಳೆದುಕೊಂಡು ಗಾಜನೂರಿಗೆ ಹೋದಳು. ಅತ್ತೆ ಅವಳಿಗೆ ಮಡಿಲಕ್ಕಿ ತುಂಬಿ, ತಲೆಗೆ ಹೂವು ಮುಡಿಸಿ ಕಳಿಸಿದಳು, ತಾನು ಬರಲಿಲ್ಲ. "ಸೀತಕ್ಕಂಗೆ ಈಗ ಮಂಡಿನೋವು, ಏಳಕ್ಕಾಗಲ್ಲ. ನಿನ್ನ ಮೇಲೆ ಸಿಟ್ಟೇನಿಲ್ಲಮ್ಮ. ಮತ್ತೆ ಮತ್ತೆ ಗಂಟು ಕಟ್ಟೋ ಶಕ್ತಿ ನನಗಿಲ್ಲ" ಎಂದಳಂತೆ.

ಹಾಗೆ ನಾಲ್ಕು ದಿನಕ್ಕೆಂದು ಹೋದವಳು ಉಳಿದ ಆಯುಷ್ಯವನ್ನೆಲ್ಲ ಗಾಜನೂರಿನಲ್ಲಿ ಕಳೆದಳು. ರಜೆ ಬಂತೆಂದರೆ ನಾನು ಸುಮಾ ಅಲ್ಲಿ. ಡ್ಯಾಮಿನಿಂದ ನೀರು ಬಿಟ್ಟ ದಿನಗಳಲ್ಲಿ ಆ ಮನೆಯ ಗೋಡೆಗೆ ಕಿವಿಯಿಟ್ಟರೂ ನೀರಿನ ಸದ್ದು ಕೇಳುತ್ತಿತ್ತು. ಅಂಗಳದ ತುಂಬ ಸೀಗೆ, ಅಂಟುವಾಳ, ಹೆಸರುಕಾಳು ಹರವಿರುತ್ತಿದ್ದಳು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಬೇರು ನಾರು ಮಾರುವ ಒಂದು ಗ್ರಂಥಿಗೆ ಅಂಗಡಿಯವರು ಅವಳ ಪುಡಿಗಳನ್ನು ಕೊಳ್ಳುತ್ತಿದ್ದರು. ಪೊಟ್ಟಣದ ಮೇಲೆ ಏನೂ ಬರೆದಿರುತ್ತಿರಲಿಲ್ಲ. ಕಾಲೇಜಿನಲ್ಲಿದ್ದಾಗ ನಾನು ಆ ಅಂಗಡಿಯ ಮುಂದೆ ಸುಮ್ಮನೆ ನಿಲ್ಲುತ್ತಿದ್ದೆ. "ಆ ನುಣ್ಣಗಿರೋ ಹಿಟ್ಟು ಕೊಡಿ, ಬಾಣಂತಿಗೆ" ಎಂದು ಜನ ಕೇಳಿ ಒಯ್ಯುವುದನ್ನು ನೋಡುತ್ತಿದ್ದೆ. ಈಗ ನಮ್ಮ ಬಡಾವಣೆಯ ಅಂಗಡಿಗಳಲ್ಲಿ ಎಲೆಯ ಚಿತ್ರವಿರುವ ಡಬ್ಬಿಗಳು ಸಾಲಾಗಿ ಕುಳಿತಿವೆ. ಒಳ್ಳೆಯದೇ. ಆದರೆ ಅವುಗಳ ಮೇಲೆ ಚಂದದ ಕೈಗಳನ್ನು, ನಗುವ ಚಂದದ ಮುಖಗಳನ್ನು ಕಂಡಾಗ ನಾನು ಬೇರೆ ಕಡೆ ನೋಡುತ್ತೇನೆ.

ಆ ವರ್ಷಗಳಲ್ಲಿ ಅತ್ತೆಯ ಮೈಯ ಬಿಳುಪು ಮೆಲ್ಲಮೆಲ್ಲನೆ ಹಬ್ಬಿ ಒಂದರೊಳಗೊಂದು ಸೇರಿಕೊಂಡಿತು. ಪ್ರತಿ ರಜೆಯಲ್ಲಿ ಹೋದಾಗಲೂ ಅವಳ ಹಳೆಯ ಬಣ್ಣ ಇನ್ನಷ್ಟು ಕಡಿಮೆಯಾಗಿರುತ್ತಿತ್ತು. ಮೊದಲು ಕೈಯಿಂದ ಹೋಯಿತು, ಆಮೇಲೆ ಹಣೆಯಿಂದ. ಕೊನೆಗೆ ಕಿವಿಯ ಹಿಂದೆ ಮಾತ್ರ ಒಂದಿಷ್ಟು ಉಳಿದಿತ್ತು. ನನ್ನ ಮದುವೆಯ ನಂತರ ಒಮ್ಮೆ ಹೋದಾಗ ಅದೂ ಇರಲಿಲ್ಲ. ಬಿಸಿಲು ತಾಳುತ್ತಿರಲಿಲ್ಲವೆಂದು ಕೊಡೆ ಹಿಡಿದೇ ಓಡಾಡುತ್ತಿದ್ದಳು. ಆದರೆ ಅವತ್ತು ಮೊದಲ ಸಲ ಉದ್ದ ತೋಳಿನ ರವಿಕೆ ಬಿಟ್ಟು, ಗಿಡ್ಡ ತೋಳಿನದು ಹಾಕಿಕೊಂಡು ನೆರಳಲ್ಲಿ ಕುಳಿತಿದ್ದಳು. "ಈಗ ಯಾರೂ ಏನೂ ಕೇಳಲ್ಲ ನೋಡು ಲತಾ. ಮನೆಮನೆಗೂ ಕರೀತಾರೆ, ಅರಿಶಿನ ಕುಂಕುಮಕ್ಕೂ ಕರೀತಾರೆ" ಎಂದಳು. ಸಂತೋಷವೋ ಅಲ್ಲವೋ ಆ ದನಿಯಿಂದ ನನಗೆ ತಿಳಿಯಲಿಲ್ಲ.

ಕೆಲವು ವರ್ಷಗಳ ಮೇಲೆ ಒಂದು ಆಷಾಢದಲ್ಲಿ ಜ್ವರ ಬಂದು, ಅದು ಎದೆಗಿಳಿದು ಅತ್ತೆ ಹೋದಳು. ಅಪ್ಪ, ಅಜ್ಜಿ ಇಬ್ಬರೂ ಆ ಮೊದಲೇ ಹೋಗಿದ್ದರು. ನಾನು, ಸುಮಾ, ಅಮ್ಮ, ಚಿಕ್ಕಪ್ಪ ಚಿಕ್ಕಮ್ಮ ಸೇರಿ ಹೊರಟೆವು. ಮನೆಯ ಮುಂದೆ ನಾವು ಎಣಿಸಿರದಷ್ಟು ಜನ. ಗಾಜನೂರಿನ ಹೆಂಗಸರು ಒಬ್ಬರ ಹಿಂದೆ ಒಬ್ಬರು ಒಳಗೆ ಹೋಗಿ ಅವಳ ಕೆನ್ನೆ ಮುಟ್ಟಿ ಅತ್ತು ಬರುತ್ತಿದ್ದರು. ಅಂಗಳದಲ್ಲಿ ಅಮ್ಮನ ಪಕ್ಕ ಒಬ್ಬ ಎಳೆಯ ತಾಯಿ ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ನಿಂತಿದ್ದಳು. ಆ ಊರಿಗೆ ಸೊಸೆಯಾಗಿ ಬಂದು ಹೆಚ್ಚು ಕಾಲವಾಗಿರಲಿಲ್ಲವಂತೆ.

"ಗಿರಿಜಮ್ಮ ಎಷ್ಟು ಬೆಳ್ಳಗಿದ್ರು ಅಲ್ವಾ" ಎಂದಳು ಅವಳು ಅಮ್ಮನಿಗೆ. "ಅವರ ಬಣ್ಣ ಬರ್ಲಿ ಅಂತ ನಮ್ಮ ಪಾಪೂಗೆ ಅವರ ಕೈಯಲ್ಲೇ ನೀರು ಹಾಕಿಸ್ತಿದ್ದೆ. ಮುಖಕ್ಕೆ ಏನು ಹಚ್ತಿದ್ರು ಅಂತ ಎಷ್ಟು ಸಲ ಕೇಳಿದ್ರೂ ನಗ್ತಿದ್ರೇ ಹೊರತು ಹೇಳ್ಲೇ ಇಲ್ಲ. ನಿಮಗೇನಾದ್ರೂ ಗೊತ್ತಾ?"

ಅಮ್ಮ ಅವಳ ಮುಖವನ್ನೇ ನೋಡಿದಳು. ಕೂಸಿನ ಕಾಲನ್ನು ಒಮ್ಮೆ ಸವರಿದಳು. 

"ಗಿರಿಜಕ್ಕ ಬೆಳ್ಳಗಿರ್ಲಿಲ್ಲಮ್ಮ. ಕಪ್ಪಗಿದ್ರು. ಎಣ್ಣೆಗಪ್ಪು. ನಾನು ಮದುವೆಯಾಗಿ ಬಂದ ದಿನ ಬಾಗಿಲಿಗೆ ಅಡ್ಡ ಕೈ ಚಾಚಿ ನಿಂತ್ಕೊಂಡು, ನಿಂಗೆ ಹೆಣ್ಣು ಹುಟ್ಟಿದ್ರೆ ನಂಗೆ ಹುಟ್ಟೋ ಮಗಂಗೆ ಕೊಡ್ತೀನಿ ಅಂತ ಹೇಳು, ಆಮೇಲೆ ಒಳಗೆ ಬಿಡ್ತೀನಿ ಅಂತ ನಗ್ತಿದ್ರು. ಕೈತುಂಬ ಹಸಿರು ಬಳೆ. ನಾನು ತಲೆ ಬಗ್ಗಿಸಿಕೊಂಡಿದ್ದೆ, ಮುಖ ಕಾಣ್ತಿರ್ಲಿಲ್ಲ, ಆ ಕೈ ಒಂದೇ ಕಾಣ್ತಿತ್ತು. ಎಷ್ಟು ಲಕ್ಷಣವಾದ ಕೈ ಅಂದ್ಕೊಂಡಿದ್ದೆ."

ಆ ಹುಡುಗಿ ನಂಬಲಿಲ್ಲ. ಒಳಗೆ ಮಲಗಿದ್ದವಳ ಕಡೆ ನೋಡಿದಳು, ಮತ್ತೆ ಅಮ್ಮನ ಕಡೆ ನೋಡಿದಳು, ವಯಸ್ಸಾದವರ ಮಾತೆಂದುಕೊಂಡು ಕೂಸನ್ನು ಇನ್ನೊಂದು ಕಂಕುಳಿಗೆ ಬದಲಿಸಿಕೊಂಡಳು.

ಆ ಬಣ್ಣವನ್ನು ನಾನು ಕಂಡದ್ದು ತುಣುಕು ತುಣುಕಾಗಿ, ಪ್ರತಿ ವರ್ಷ ಇಷ್ಟಿಷ್ಟು ಕಡಿಮೆಯಾಗಿ. ಇಡಿಯಾದ ಗಿರಿಜತ್ತೆಯನ್ನು ನಾನು ಒಂದು ದಿನವೂ ನೋಡಲಿಲ್ಲ. ಅವಳ ಒಂದು ಫೋಟೋ ನಮ್ಮ ಮನೆಯಲ್ಲಿಲ್ಲ. ಇದ್ದ ಒಂದೇ ಮದುವೆಯ ಫೋಟೋ ಕಡೂರಿನ ಆ ಮನೆಯಲ್ಲೇ ಉಳಿಯಿತು. ಏನಾಯಿತೋ ಯಾರಿಗೆ ಗೊತ್ತು. ಚಿಕ್ಕಪ್ಪ, ಸೀತಕ್ಕ ಹೋಗಿ ಕೆಲವು ವರ್ಷಗಳಾದವು; ಹೋದ ಮಳೆಗಾಲದಲ್ಲಿ ಅಮ್ಮನೂ ಹೋದಳು. ಹೊಸ ಸೊಸೆಯನ್ನು ತಡೆದು ನಿಂತು ನಗುತ್ತಿದ್ದ ಆ ಕೈಯನ್ನು ಕಂಡವರು ಈಗ ಯಾರೂ ಇಲ್ಲ.